ಪೆದ್ದ ಮೋನಪ್ಪನೂ ಅಪ್ಪನ ಬೈರಿಗೆ ಮಿಷನ್ನೂ

ಪೆದ್ದನ ಕತೆ ಅಂದ ಕೂಡಲೇ ಹಲ್ಲು ಬಿಡೋಕೆ ಶುರು ಮಾಡಿದ್ರಾ? ಬಿಡಿ, ಬಿಡಿ. ಪೆದ್ದನನ್ನ ಕಂಡು ನಗೋದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಆದರೆ ಪ್ರತಿ ಪೆದ್ದನ ಹಿಂದೆಯೂ ಅವನನ್ನ ಹೆತ್ತವಳು ಒಬ್ಬಳು ಇರ್ತಾಳೆ. ಈ ಕತೆ ಅವಳದ್ದೂ ಹೌದು. ಮಧ್ಯೆ ಬಾಯಿ ಹಾಕದೆ ಕೇಳಿ.

ರೈಲು ಗೇಟಿನ ಆಚೆ ಕುಲುಮೆ ಬೀದಿ ಅಂತ ಒಂದು ಬೀದಿ. ಆ ಬೀದಿಯ ಕಾಳಮ್ಮನಿಗೆ ಒಬ್ಬನೇ ಮಗ, ಮೋನಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಎತ್ತಿನಂಥ ಮೈ, ಮಗುವಿನಂಥ ಮನಸ್ಸು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ತಾಪತ್ರಯ ಇದ್ದದ್ದೇ ಅಲ್ಲಿ. "ಬಾಗಿಲು ನೋಡ್ಕೊಂಡಿರೋ ಮಗಾ" ಅಂದರೆ ಬಾಗಿಲನ್ನೇ ಪಿಳಿಪಿಳಿ ನೋಡ್ತಾ ಕೂರೋನು. ಹಿತ್ತಿಲಿಂದ ನಾಯಿ ಬಂದು ಮುದ್ದೆ ತಿಂದು, ಪಾತ್ರೆ ನೆಕ್ಕಿ, ಅವನ ಕಾಲು ಮೂಸಿ ಹೋಗೋದು. "ನಾಯಿ ಬಂತೇನೋ?" ಅಂದರೆ "ಬಂತವ್ವ, ಆದ್ರೆ ಬಾಗಿಲಿಗೇನೂ ಆಗಿಲ್ಲ" ಅನ್ನೋನು.

"ಅಯ್ಯೋ ನನ್ನ ಹಣೆಬರಹವೇ! ನಾವು ಸತ್ತ ಮೇಲೆ ಇವನ ಗತಿ ಏನು ತಾಯೀ!" ಅಂತ ಕಾಳಮ್ಮ ದಿನಾ ಹಣೆ ಚಚ್ಚಿಕೊಳ್ಳೋಳು.

ಮಗನದು ಹಂಗಾದ್ರೆ, ಗಂಡ ವೀರಾಚಾರಿಗೆ ಇನ್ನೊಂದು ಥರದ ಹುಚ್ಚು. ಹಳೇ ಬೈರಿಗೆ ಮಿಷನ್ನು! ಆಳೆತ್ತರ ಕಂಬದ ಥರ ನಿಂತ್ಕೊಂಡು ಕಬ್ಬಿಣಕ್ಕೆ ತೂತು ಕೊರೀತಾವಲ್ಲ, ಪೇಟೆಯವರು ಡ್ರಿಲ್ಲು ಅಂತಾರಲ್ಲ, ಅವು. ಎಲ್ಲಿ ಕಾರ್ಖಾನೆ ಮುಚ್ಚಲಿ, ಎಲ್ಲಿ ಗ್ಯಾರೇಜು ಎತ್ತಲಿ, ಗುಜರಿಯವನಿಗಿಂತ ಮುಂಚೆ ವೀರಾಚಾರಿ ಹಾಜರು. ತುಕ್ಕು ಹಿಡಿದದ್ದು, ಹಲ್ಲು ಮುರಿದದ್ದು, ಕೋಳಿ ಕಾವು ಕೂತಿದ್ದದ್ದು, ಎಲ್ಲಾನೂ ಗಾಡಿ ಮೇಲೆ ಹೇರ್ಕೊಂಡು ಬಂದು ಹಿತ್ತಿಲ ಕೊಟ್ಟಿಗೆಯಲ್ಲಿ ನಿಲ್ಲಿಸೋನು. ಬಿಚ್ಚೋನು, ತೊಳೆಯೋನು, ಉಜ್ಜೋನು, ಎಣ್ಣೆ ಕುಡಿಸೋನು, ಹಸಿರು ಬಣ್ಣ ಬಳಿಯೋನು. ಆಯುಧಪೂಜೆಗೆ ಸಾಲಾಗಿ ಕುಂಕುಮ ಇಟ್ಟು "ನೋಡೇ ಕಾಳೀ, ನನ್ನ ಹೆಣ್ಣುಮಕ್ಕಳು!" ಅನ್ನೋನು. "ನಿಮ್ಮ ಹೆಣ್ಣುಮಕ್ಕಳು ಬಂದು ಮುದ್ದೆ ತಿರುವಿ ಕೊಡ್ತಾರಾ?" ಅಂತ ಕಾಳಮ್ಮ ಸಿಡುಕೋಳು.

ಕಡೆಗೊಂದು ದಿನ, ವೀರಾಚಾರಿ ಜನ್ಮವೆಲ್ಲಾ ಹುಡುಕಿದ್ದು ಸಿಕ್ಕಿಬಿಡ್ತು. ಅವನು ಚಡ್ಡಿ ಹಾಕೋ ವಯಸ್ಸಲ್ಲಿ ಕೆಲಸ ಕಲಿತ ಮಿಷನ್ನು. ಗುರು ಸತ್ತ ಮೇಲೆ ಕುಲುಮೆ ಮುಚ್ಚಿ, ಯಾರ್ಯಾರ ಕೈಗೋ ಹೋಗಿ, ಒಂದು ಹುಣಸೆ ಮರದ ಬುಡದಲ್ಲಿ ಮಣ್ಣು ತಿಂತಾ ಬಿದ್ದಿತ್ತು. ಹಿಡಿಯಲ್ಲಿ ಗುರು ಕೈ ಸವೆದ ಗುರುತು ಕಂಡು ವೀರಾಚಾರಿ ಗಾಡಿ ಮೇಲೇ ಕೂತು ಅತ್ತ. ಅದನ್ನ ಮನೆಗೆ ತಂದು ಇಳಿಸಿದ್ದೇ ಇಳಿಸಿದ್ದು, ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಯ್ತು. ಡಾಕ್ಟರು ಕಾಳಮ್ಮನನ್ನ ಪಕ್ಕಕ್ಕೆ ಕರೆದು, "ಬಹಳ ದಿನ ಇಲ್ಲಮ್ಮಾ. ಅವರಿಗೇನಾದ್ರೂ ಆಸೆ ಇದ್ರೆ ತೀರಿಸಿಬಿಡಿ" ಅಂದರು.

ಆಸೆ ಕೇಳೋದೇ ಬೇಕಾಗಿರಲಿಲ್ಲ. "ಆ ಮಿಷನ್ನು ಒಂದೇ ಒಂದು ತೂತು ಕೊರೆಯೋದನ್ನ ನೋಡಿ ಕಣ್ಣು ಮುಚ್ತೀನಿ ಕಣೆ. ಅಷ್ಟು ಮಾಡು ಸಾಕು" ಅಂದ ವೀರಾಚಾರಿ.

ಕಾಳಮ್ಮನಿಗೆ ಆ ಮಿಷನ್ನುಗಳನ್ನ ಕಂಡರೆ ಸವತಿಯರನ್ನ ಕಂಡ ಹಾಗೆ. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು. ಗಂಡ ಚಾಪೆ ಮೇಲೆ ಮಲಗಿ ಹೇಳೋದು, ಇವಳು ಮಾಡೋದು, ಹೊರೋದಕ್ಕೆ ತರೋದಕ್ಕೆ ಮೋನಪ್ಪ. ಬೇರೆ ಯಾರಿದ್ದರು ಹೇಳಿ!

ಮೊದಲು ಬೇಕಾದದ್ದು ಚಕ್ಕು. ಬೈರಿಗೆಯ ಮೊನೆಯನ್ನ ಕಚ್ಚಿ ಹಿಡಿಯೋ ಬಾಯಿ ಅದು. "ಗುಜರಿಯಲ್ಲಿ ಒಂದದೆ, ತಗೊಂಬಾ. ಕೊಳೆ ಇರ್ತದೆ, ತೊಳೆದಿಡು" ಅಂದಳು ಕಾಳಮ್ಮ. ಮೋನಪ್ಪ ತಂದ. ತೊಳೆದ. ತೊಳೆದು ಎಲ್ಲಿಟ್ಟ? ನೀರಿನ ತೊಟ್ಟಿಯಲ್ಲೇ ಇಟ್ಟ! ಎರಡು ದಿನ ಬಿಟ್ಟು ಕಾಳಮ್ಮ ನೀರು ಮೊಗೆಯೋಕೆ ಹೋದರೆ ಕೆಂಪು ನೀರು. ಚಕ್ಕಿನ ಬಾಯಿ ಕಿಟ್ಟ ಕಟ್ಟಿ ಬಿಗಿದುಕೊಂಡಿತ್ತು.

"ಅಯ್ಯೋ ನನ್ನ ಹಣೆಬರಹವೇ! ಇದೇನೋ ಮಾಡ್ದೆ?"

"ತೊಳೆದಿಟ್ಟೆ ಅವ್ವಾ. ಮತ್ತೆ ಕೊಳೆ ಆಗದಿರ್ಲಿ ಅಂತ ನೀರಲ್ಲೇ ಇಟ್ಟೆ."

"ಮಿಷನ್ ಸಾಮಾನು ಮನೆಗೆ ಬಂದ ತಕ್ಷಣ ಸೀಮೆಎಣ್ಣೆಯಲ್ಲಿ ಮುಳುಗಿಸಿಡ್ಬೇಕು ಕಣೋ ಮಂಕೇ! ಸೀಮೆಎಣ್ಣೆಯಲ್ಲಿ!"

"ಹಂಗೇ ಆಗ್ಲಿ ಅವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ."

ಚಕ್ಕನ್ನ ಕಾಳಮ್ಮನೇ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಬ್ರಷ್ಷಲ್ಲಿ ಉಜ್ಜಿ ಉಜ್ಜಿ ಬಾಯಿ ಬಿಡಿಸಿದಳು. ಬೆರಳ ತುದಿಯೆಲ್ಲಾ ಸುಲಿದುಹೋಯ್ತು.

ಆಮೇಲೆ ಬೇಕಾದದ್ದು ಪಟ್ಟಿ, ಗಾಲಿಯಿಂದ ಗಾಲಿಗೆ ಓಡೋ ತೊಗಲಿನ ಪಟ್ಟಿ. ಹಿಟ್ಟಿನ ಗಿರಣಿಯವರು ವೀರಾಚಾರಿ ಮೇಲಿನ ಮರ್ಯಾದೆಗೆ ಒಂದು ಒಳ್ಳೇ ಪಟ್ಟಿ ತೆಗೆದುಕೊಟ್ಟರು. ಹದವಾದ ಎಮ್ಮೆ ತೊಗಲು, ಬೆಣ್ಣೆ ಥರ ಬಳುಕೋದು. ಮೋನಪ್ಪ ಅದನ್ನ ಹೆಗಲ ಮೇಲೆ ಹಾಕ್ಕೊಂಡು ಬಂದ. ಅವ್ವ ಹೇಳಿದ್ದು ಮರೆತಾನೆಯೇ? ಮನೆಯಲ್ಲಿದ್ದ ಸೀಮೆಎಣ್ಣೆಯನ್ನೆಲ್ಲಾ ಬಕೆಟ್ಟಿಗೆ ಸುರಿದು ಪಟ್ಟಿಯನ್ನ ಅದರಲ್ಲಿ ಮುಳುಗಿಸಿಬಿಟ್ಟ! ತೊಗಲಿನ ಎಣ್ಣೆಯೆಲ್ಲಾ ಇಳಿದುಹೋಗಿ, ಒಣಗಿದ ಮೇಲೆ ಅದು ಸೌದೆಯಂತೆ ಸೆಟೆದುಕೊಂಡಿತು. ಬಗ್ಗಿಸಿದರೆ ಲಟ್ಟಂತ ಮುರೀತು.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತೊಗಲನ್ನ ಯಾರಾದ್ರೂ ಸೀಮೆಎಣ್ಣೆಗೆ ಹಾಕ್ತಾರೇನೋ?"

"ನೀನೇ ಹೇಳಿದ್ದಲ್ಲವ್ವಾ!"

"ಹರಳೆಣ್ಣೆ ಸವರ್ಬೇಕಾಗಿತ್ತು ಕಣೋ! ಹರಳೆಣ್ಣೆ ಸವರಿ, ತೊಲೆಗೆ ನೇತುಹಾಕಿ, ಕೆಳಗೆ ಗುಂಡುಕಲ್ಲು ಕಟ್ಟಿ ಎಳೆಯೋಕೆ ಬಿಡ್ಬೇಕಾಗಿತ್ತು!"

"ಹಂಗೇ ಆಗ್ಲಿ ಅವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ."

ಕಾಳಮ್ಮ ಹಳೇ ಟಾರ್ಪಾಲು ಕತ್ತರಿಸಿ, ಮೂರು ಪದರ ಮಡಿಚಿ, ಗೋಣಿಸೂಜಿಯಲ್ಲಿ ಹೊಲಿದು ಪಟ್ಟಿ ಮಾಡಿದಳು. ಗಂಡನಿಗೆ ತೋರಿಸಿದರೆ ಬಲಗೈಯಲ್ಲಿ ಎಳೆದು ನೋಡಿ, "ಭೇಷ್! ಗಿರಣಿಯವನು ನೋಡಿದ್ರೆ ನಿನ್ನನ್ನೇ ಕೆಲಸಕ್ಕಿಟ್ಕೊಂಡಾನು" ಅಂದ. ಅವಳು ಅಡುಗೆಮನೆಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡಳು. ಮದುವೆಯಾದ ಮೇಲೆ ಅವನು ಭೇಷ್ ಅಂದದ್ದು ಅದೇ ಮೊದಲು ಅಂತ ಕಾಣ್ತದೆ.

ಆಮೇಲೆ ಮೋಟ್ರು. ವೆಲ್ಡಿಂಗ್ ಅಂಗಡಿಯ ಬುಡೇನ್ ಸಾಬರು ವೀರಾಚಾರಿಗೆ ಕುಚುಕು ಗೆಳೆಯರು. "ನನ್ನ ಹತ್ತಿರ ಒಂದು ಮೋಟ್ರದೆ. ಓಡ್ತದೆ, ಆದ್ರೆ ಒಳಗೆ ಸ್ವಲ್ಪ ಥಂಡಿ ಹಿಡಿದದೆ, ನಿಮ್ಮವ್ವಂಗೂ ಹೇಳಿದೀನಿ. ಜೋಪಾನ" ಅಂತ ಮೋನಪ್ಪನ ತಲೆ ಮೇಲೆ ಹೊರಿಸಿ ಕಳಿಸಿದರು. ಕಾಳಮ್ಮ ಹೊಳೆಗೆ ಬಟ್ಟೆ ಒಗೆಯೋಕೆ ಹೋಗಿದ್ದಳು. ಮೋನಪ್ಪ ಮೋಟ್ರನ್ನ ಇಳಿಸಿದ. ಹರಳೆಣ್ಣೆ ತಂದ. ಹೊರಗೂ ಸವರಿದ, ಒಳಗೂ ಹುಯ್ದ, ತಂತಿ ಸುರುಳಿಯೆಲ್ಲಾ ಎಣ್ಣೆಯಲ್ಲಿ ಮೀಯಿತು. ಹಗ್ಗ ಕಟ್ಟಿ ತೊಲೆಗೆ ನೇತುಹಾಕಿದ. ಕೆಳಗೆ ಒರಳುಗುಂಡು ಕಟ್ಟಿದ. ಕಟ್ಟಿ, ಕೈ ಒರೆಸಿಕೊಂಡು, ಅವ್ವ ಬಂದು ಮೆಚ್ಚಲಿ ಅಂತ ಕೂತ.

ಅವ್ವ ಬಾಗಿಲಿಗೆ ಬರೋದಕ್ಕೂ ಹಗ್ಗ ಹರಿಯೋದಕ್ಕೂ ಸರಿಹೋಯ್ತು. ದಢಾರ್! ಗುಂಡು ಒಂದು ಕಡೆ, ಮೋಟ್ರಿನ ಹೊಟ್ಟೆ ಒಂದು ಕಡೆ.

"ಹಾಳಾದವನೇ! ಮೋಟ್ರಿಗೆ ಎಣ್ಣೆ ಸವರ್ತಾರೇನೋ? ಥಂಡಿ ಹಿಡಿದದ್ದನ್ನ ಕಂಬಳಿ ಸುತ್ತಿ ಒಲೆ ಮಗ್ಗುಲಲ್ಲಿ ಬೆಚ್ಚಗಿಡ್ಬೇಕು ಕಣೋ! ಒಲೆ ಮಗ್ಗುಲಲ್ಲಿ!"

"ಹಂಗೇ ಆಗ್ಲಿ ಅವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ."

ಕಾಳಮ್ಮ ಒಲೆ ಊದೋ ಕೊಳವೆ ಎತ್ತಿಕೊಂಡು ಹೊಡೆಯೋಕೆ ಹೋದಳು. ಒಳಗಿಂದ ವೀರಾಚಾರಿ ಕೂಗಿದ. "ಬಿಡೇ! ಗುರುಗಳ ಕಾಲದಲ್ಲಿ ಮೋಟ್ರೆಲ್ಲಿತ್ತು? ಗಾಲಿಗೆ ಹಿಡಿ ಹಾಕಿದ್ರಾಯ್ತು. ಎತ್ತಿನಂಥಾ ಮಗ ಅವ್ನೆ, ಅವನೇ ತಿರುಗಿಸ್ಲಿ." ಮೋನಪ್ಪ ಕುಣಿದುಬಿಟ್ಟ. "ನಾನು ತಿರುಗಿಸ್ತೀನಿ! ನಾನೇ ಮೋಟ್ರು! ನಾನೇ ಮೋಟ್ರು!" ಅಂತ ಬೀದಿಯೆಲ್ಲಾ ಸಾರಿಬಂದ. ಅವನಿಗೆ ಬೇರೆ ಯಾರೂ ಯಾವತ್ತೂ ಒಂದು ಕೆಲಸ ಅಂತ ಕೊಟ್ಟಿರಲಿಲ್ಲ.

ಹಿಡಿ ಹಾಕಿದ್ದಾಯ್ತು. ಪಟ್ಟಿ ಕೂರಿಸಿದ್ದಾಯ್ತು. ಉಳಿದದ್ದು ಒಂದೇ, ತೋಳು. ಕೊರೆಯೋ ಕಬ್ಬಿಣವನ್ನ ಇಡೋಕೆ ಒಂದು ಮೇಜು ಇರ್ತದೆ, ಆ ಮೇಜನ್ನ ಕಂಬಕ್ಕೆ ಹಿಡಿಯೋದು ಒಂದು ಎರಕದ ತೋಳು. ಅದರ ನಡುವೆ ಸೀಳು ಬಿಟ್ಟಿತ್ತು. "ಗುರುವಾರ ಬಂದು ಬೆಸೆದು ಕೊಡ್ತೀನಿ" ಅಂತ ಬುಡೇನ್ ಸಾಬರು ಮಾತು ಕೊಟ್ಟರು. ಅಷ್ಟರಲ್ಲಿ ವೀರಾಚಾರಿಗೆ ಜ್ವರ ಬಂತು.

ಮೈ ಮುಟ್ಟಿದರೆ ಕಾದ ಹಂಚು, ಆದರೂ ಗಡಗಡ ನಡುಗ್ತಿದ್ದ. "ಥಂಡಿ ಹಿಡಿದದೆ ಕಣೋ ನಿಮ್ಮಪ್ಪಂಗೆ, ಪಕ್ಕದಲ್ಲಿರು, ಮಾತ್ರೆ ತರ್ತೀನಿ" ಅಂತ ಕಾಳಮ್ಮ ಪೇಟೆಗೆ ಓಡಿದಳು. ಥಂಡಿ! ಮೋನಪ್ಪನ ಕಿವಿ ನಿಮಿರಿತು. ಮನೆಯಲ್ಲಿದ್ದ ಕಂಬಳಿಯನ್ನೆಲ್ಲಾ ಅಪ್ಪನಿಗೆ ಸುತ್ತಿದ. ಚಾಪೆ ಸಮೇತ ದರದರ ಎಳ್ಕೊಂಡು ಹೋಗಿ ಒಲೆ ಮಗ್ಗುಲಿಗೆ ಹಾಕಿದ. ಒಲೆಗೆ ಸೌದೆ ಒಟ್ಟಿದ. ಕಾಳಮ್ಮ ಬಂದು ನೋಡಿದರೆ, ಹೊಗೆಯೊಳಗೆ ಗಂಡ ಬಾಯಿ ಬಾಯಿ ಬಿಡ್ತಿದ್ದಾನೆ, ಕಣ್ಣು ಮೇಲೆ ಸಿಕ್ಕಿಕೊಂಡಿದೆ. ಬೊಬ್ಬೆ ಹೊಡೆದು, ಹೊರಗೆಳೆದು, ಕಂಬಳಿ ಕಿತ್ತು ಬಿಸಾಕಿದಳು.

"ಅಪ್ಪನನ್ನ ಸುಟ್ಟುಹಾಕ್ತಿದ್ದೆಯಲ್ಲೋ ಕೊಲೆಗಡುಕಾ! ಮೈ ಸುಡ್ತಾ ಇದ್ರೆ ಒದ್ದೆ ಬಟ್ಟೆ ಹಾಕ್ತಾರೆ ಕಣೋ! ತಣ್ಣೀರಲ್ಲಿ ಅದ್ದಿ ಒದ್ದೆ ಬಟ್ಟೆ!"

"ಹಂಗೇ ಆಗ್ಲಿ ಅವ್ವಾ. ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಮೋನಪ್ಪ.

ವೀರಾಚಾರಿ ಕಣ್ಣು ಬಿಟ್ಟು, "ಬೈಬೇಡ ಕಣೇ. ಪಾಪ, ಬೆಚ್ಚಗಿಡೋಕೆ ನೋಡ್ದ" ಅಂದ. ಆದರೆ ಆವತ್ತಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. ಗಂಜಿ ಒಳಗೆ ಹೋಗ್ಲಿಲ್ಲ, ದನಿ ಕುಗ್ಗಿತು. "ತೋಳು ಆಯ್ತಾ?" ಅನ್ನೋದು ಒಂದು ಬಿಟ್ಟು ಬೇರೆ ಮಾತಿಲ್ಲ. ಕಾಳಮ್ಮ ಮನೆಯ ಕುಲುಮೆಗೆ ಕೈ ಮುಗಿದು ಬೇಡಿಕೊಂಡಳು. "ತಾಯೀ, ಒಂದು ತೂತು! ಅವರ ಕಣ್ಣೆದುರಿಗೆ ಒಂದೇ ಒಂದು ತೂತು ಆಗೋವರೆಗೂ ಅವರನ್ನ ಉಳಿಸು. ಆಮೇಲೆ ನಿನ್ನಿಚ್ಛೆ."

ಗುರುವಾರ ಬುಡೇನ್ ಸಾಬರು ಬಂದರು. ಹಿತ್ತಿಲಲ್ಲಿ ತೋಳನ್ನ ಕಾಯಿಸಿ, ಹಿತ್ತಾಳೆ ಕಡ್ಡಿ ಕರಗಿಸಿ, ಸೀಳಿಗೆ ತುಂಬಿ ಬೆಸೆದರು. ನಿಗಿನಿಗಿ ಕೆಂಪಗಿತ್ತು ತೋಳು. ಎರಕದ ಕಬ್ಬಿಣ ಬಲು ಸೂಕ್ಷ್ಮ ನೋಡಿ. ಕಾದದ್ದು ನಿಧಾನಕ್ಕೆ ಆರಬೇಕು, ಬೂದಿಯೊಳಗೆ ಹೂತಿಟ್ಟು ಒಂದು ರಾತ್ರಿ ಬಿಡಬೇಕು. "ಬೂದಿ ತಗೊಂಬಾ ತಂಗೀ, ಬೇಗ" ಅಂದರು ಸಾಬರು. ಕಾಳಮ್ಮ ಒಳಗೆ ಓಡಿದಳು. ಸಾಬರು ಗ್ಯಾಸು ಆರಿಸೋಕೆ ಆಕಡೆ ತಿರುಗಿದರು. ಮೋನಪ್ಪ ನೋಡಿದ. ಅಯ್ಯೋ, ಅಪ್ಪನ ಮಿಷನ್ನಿನ ಮೈ ಸುಡ್ತಾ ಇದೆಯಲ್ಲ! ಪಂಚೆ ಬಿಚ್ಚಿ ತೊಟ್ಟಿಯಲ್ಲಿ ಅದ್ದಿ ತಂದು ತೋಳಿನ ಮೇಲೆ ಹೊದಿಸಿಬಿಟ್ಟ.

ಚುಯ್ಯ್... ಫಟಾರ್! ತೋಳು ಎರಡು ತುಂಡು.

ಕಾಳಮ್ಮನ ಕೈಯಿಂದ ಬೂದಿ ಬುಟ್ಟಿ ಬಿತ್ತು. ಒಳಗಿಂದ "ಏನದು? ಏನಾಯ್ತೇ?" ಅಂತ ಸಣ್ಣ ದನಿ. "ಏನಿಲ್ಲ ರೀ, ಮಡಕೆ ಒಡೀತು" ಅಂತ ಸುಳ್ಳು ಹೇಳಿದಳು. ಬುಡೇನ್ ಸಾಬರು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಎದ್ದು ತುಂಡುಗಳನ್ನ ಜೋಡಿಸಿ ನೋಡಿ, "ಇನ್ನೊಂದ್ಸಲ ನೋಡ್ತೀನಿ ತಂಗೀ. ಇದೇ ಕೊನೆ. ಮತ್ತೆ ಒಡೆದ್ರೆ ನನ್ನ ಕೈಲಾಗಲ್ಲ" ಅಂದರು.

ಮತ್ತೆ ಕಾಯಿಸಿದರು, ಮತ್ತೆ ಬೆಸೆದರು. ಈ ಸಲ ತಾವೇ ಕೈಯಾರೆ ಬೂದಿಯಲ್ಲಿ ಹೂತು, ಮೇಲೆ ಗೋಣಿ ಹೊದಿಸಿ ಹೋದರು. ಕಾಳಮ್ಮ ಮಗನ ಕಿವಿ ಹಿಡಿದು ಆ ಗುಡ್ಡೆಯ ಮುಂದೆ ಬಗ್ಗಿಸಿದಳು.

"ನೋಡು! ಕಣ್ಣು ಬಿಟ್ಟು ನೋಡು! ಬಿಸಿ ಇದ್ದದ್ದು ತಣ್ಣಗಾಗೋವಾಗ ಒದ್ದೆ ಬಟ್ಟೆ ಅಲ್ಲ, ಬೂದಿ! ಮೈ ತುಂಬಾ ಬೂದಿ ಮುಚ್ಚಿ, ಗಾಳಿ ಸೋಕದ ಹಾಗೆ ಕಾಯ್ಬೇಕು. ಬೆಳಗಾಗೋವರೆಗೂ ತೆಗೀಬಾರದು. ಯಾರು ಕೇಳಿದ್ರೂ ತೆಗೀಬಾರದು. ನಿಮ್ಮಪ್ಪನೇ ಕೇಳಿದ್ರೂ ತೆಗೀಬಾರದು! ತಿಳೀತಾ?"

"ತಿಳೀತವ್ವಾ. ಅಪ್ಪ ಕೇಳಿದ್ರೂ ತೆಗೀಬಾರದು. ಹಂಗೇ ಮಾಡ್ತೀನಿ."

ಮಧ್ಯಾಹ್ನ ವೀರಾಚಾರಿಗೆ ಉಸಿರು ಎಳೆಯೋಕೆ ಶುರುವಾಯ್ತು. ಕಾಳಮ್ಮ ಎದೆ ಸವರಿದಳು, ಬಿಸಿನೀರು ಕುಡಿಸಿದಳು, ಇಳೀಲಿಲ್ಲ. "ನಾಳೆ ಬೆಳಿಗ್ಗೆ ತೋಳು ಕೂರಿಸೋದೇ ರೀ. ಒಂದು ರಾತ್ರಿ, ಒಂದೇ ಒಂದು ರಾತ್ರಿ ತಡ್ಕೊಳ್ಳಿ" ಅಂತ ಕೈ ಹಿಡಿದು ಹೇಳಿ, ಮಗನನ್ನ ಪಕ್ಕದಲ್ಲಿ ಕೂರಿಸಿ, ಡಾಕ್ಟರನ್ನ ಕರೆಯೋಕೆ ಬರಿಗಾಲಲ್ಲೇ ಓಡಿದಳು.

ಡಾಕ್ಟರು ಬೇರೆ ಕಡೆ ಹೋಗಿದ್ದರು. ಕಾದು, ಕಾಲು ಹಿಡಿದು, ಕರ್ಕೊಂಡು ಬರೋವಾಗ ಹೊತ್ತು ಮುಳುಗ್ತಿತ್ತು. ಬೀದಿ ತುದಿಯಲ್ಲಿ ಪಕ್ಕದ ಮನೆಯವಳು ತಡೆದಳು. "ನಿಮ್ಮ ಮೋನ ಮನೆಮನೆಗೂ ಬೂದಿ ಕೇಳ್ಕೊಂಡು ಬಂದಿದ್ದ ಕಾಳಮ್ಮಾ. ನಮ್ಮ ಹಂಡೆ ಒಲೆದು ಪೂರ್ತಿ ಬಳಿದು ಕೊಟ್ಟೆ. ಅಷ್ಟೊಂದು ಯಾಕೆ?"

ಕಾಳಮ್ಮನಿಗೆ ನೆನಪಾದದ್ದು ತೋಳು. ತೋಳಿಗೆ ಏನು ಮಾಡಿದನೋ ಮುಂಡೇಮಗ! ಡಾಕ್ಟರನ್ನ ಜಗಲಿಯಲ್ಲೇ ಬಿಟ್ಟು ಹಿತ್ತಿಲಿಗೆ ಓಡಿದಳು. ಗಂಡನನ್ನ ನೋಡೋಕಲ್ಲ, ತೋಳನ್ನ ನೋಡೋಕೆ. ಗುಡ್ಡೆ ಇದ್ದ ಹಾಗೇ ಇತ್ತು. ಗೋಣಿ ಹೊದಿಸಿದ ಹಾಗೇ ಇತ್ತು. "ಸದ್ಯ! ಬದುಕಿದೆ!" ಅಂತ ಉಸಿರು ಬಿಟ್ಟು, ಆಮೇಲೆ ಮನೆಯೊಳಗೆ ಬಂದಳು.

ಒಳಕೋಣೆಯ ಕಿಟಕಿಗೆ ಚೀಲ ತುರುಕಿತ್ತು. ಚಾಪೆಯ ಮೇಲೆ ವೀರಾಚಾರಿಗೆ ಕಾಲಿಂದ ಕುತ್ತಿಗೆವರೆಗೆ ಬೂದಿ ಮುಚ್ಚಿತ್ತು, ಒತ್ತಾಗಿ, ಒಪ್ಪವಾಗಿ. ಮುಖ ಮಾತ್ರ ಹೊರಗಿತ್ತು. ಕಣ್ಣು ಅರ್ಧ ತೆರೆದಿತ್ತು. ಪಕ್ಕದಲ್ಲಿ ಮೋನಪ್ಪ ಕಾವಲು ಕೂತಿದ್ದ, ಮೀಸೆಯೆಲ್ಲಾ ಬೂದಿ.

"ಬಾಗಿಲು ಹಾಕವ್ವಾ! ಗಾಳಿ ಬರ್ತದೆ!"

"ಏನೋ ಇದು... ಏನೋ ಮಾಡ್ದೆ ಮೋನಾ?"

"ಅಪ್ಪನ ಮೈ ಬಿಸಿ ಇತ್ತವ್ವಾ. ನೀನು ಹೋದ ಮೇಲೆ ಉಸಿರು ನಿಂತುಹೋಯ್ತು, ಮೈ ತಣ್ಣಗಾಗೋಕೆ ಶುರುವಾಯ್ತು. ಮೊದಲು ಕಾಲು, ಆಮೇಲೆ ಕೈ. ಒದ್ದೆ ಬಟ್ಟೆ ಹಾಕ್ಲಾ ಅಂದ್ಕೊಂಡೆ. ಇಲ್ಲ ಇಲ್ಲ, ಒಡೆದುಹೋಗ್ತಾನೆ ಅಪ್ಪ, ಬೂದೀನೇ ಸರಿ ಅಂತ ನೆನಪಾಯ್ತು. ತೋಳಿನ ಬೂದಿ ಮುಟ್ಟಿಲ್ಲವ್ವಾ! ಮನೆಮನೆಗೂ ಹೋಗಿ ಬೇರೆ ತಂದೆ."

ಡಾಕ್ಟರು ಮುಂದೆ ಬಂದು ಬೂದಿಯೊಳಗೆ ಕೈ ಹಾಕೋಕೆ ಹೋದರು. ಮೋನಪ್ಪ ಎದ್ದು ಅಡ್ಡ ನಿಂತ. "ಬೆಳಗಾಗೋವರೆಗೂ ಯಾರೂ ಮುಟ್ಟಂಗಿಲ್ಲ!" ಡಾಕ್ಟರು ಬಗ್ಗಿ ಕುತ್ತಿಗೆಯ ಹತ್ತಿರ ಬೆರಳಿಟ್ಟು ನೋಡಿದರು. ಕಾಳಮ್ಮನ ಕಡೆ ತಿರುಗಿ ಇಲ್ಲ ಅಂತ ತಲೆ ಆಡಿಸಿದರು. "ಇವನಿಂದ ಆದದ್ದಲ್ಲಮ್ಮಾ, ಹೋದ ಮೇಲೆ ಮುಚ್ಚಿದ್ದಾನೆ" ಅಂತಲೂ ಅಂದರು.

ಕಾಳಮ್ಮ ಚಾಪೆಯ ಪಕ್ಕ ಕೂತಳು. "ಅಪ್ಪ ಏನಾದ್ರೂ ಅಂದ್ರೇನೋ?"

"ಅಂದ. ತೋಳು ಆಯ್ತೇನೋ ಮೋನಾ ಅಂದ. ಆಯ್ತಪ್ಪಾ, ಬೂದಿಯೊಳಗದೆ ಅಂದೆ. ತಂದು ಕೈಗೆ ಕೊಡೋ, ಒಂದ್ಸಲ ಸವರ್ತೀನಿ ಅಂದ. ಆಗಲ್ಲಪ್ಪಾ ಅಂದೆ. ಮತ್ತೆ ಕೇಳ್ದ. ದಮ್ಮಯ್ಯ ಅಂದ. ಅಪ್ಪ ಅತ್ತುಬಿಟ್ಟ ಅವ್ವಾ! ನಂಗೂ ಅಳು ಬಂತು. ಆದ್ರೂ ಕೊಡ್ಲಿಲ್ಲ. ಅಪ್ಪ ಕೇಳಿದ್ರೂ ತೆಗೀಬಾರದು ಅಂದಿದ್ದೆಯಲ್ಲ ನೀನು. ಈ ಸಲ ಸರಿಯಾಗಿ ಮಾಡ್ದೆ ಅಲ್ವಾ ಅವ್ವಾ?"

ಕಾಳಮ್ಮ ಕೈ ಎತ್ತಿದಳು. ಎತ್ತಿದ ಕೈಯಲ್ಲಿ ತನ್ನ ಬಾಯಿಗೇ ಬಡಿದುಕೊಂಡಳು. ಯಾರನ್ನ ಬೈಯೋದು? ಅಷ್ಟೂ ಮಾತು ಅವಳದ್ದೇ. ಸುಟ್ಟುಹೋಗಲಿ ಈ ನಾಲಿಗೆ, ತಾನು ಹೇಳದೆ ಇದ್ದಿದ್ದರೆ ಅವರ ಕೈಗೆ ಅದು ಸಿಕ್ತಿತ್ತಲ್ಲ ಅಂತ ತನ್ನನ್ನೇ ಶಪಿಸಿಕೊಂಡಳು. ಮಗ ಉತ್ತರಕ್ಕೆ ಕಾಯ್ತಿದ್ದ. "ಸರಿಯಾಗೇ ಮಾಡ್ದೆ ಮಗಾ" ಅಂದಳು. ಮೋನಪ್ಪನ ಮುಖ ಅರಳಿತು. ಹುಟ್ಟಿದಾಗಿಂದ ಅವ್ವನ ಬಾಯಲ್ಲಿ ಆ ಮಾತು ಅವನು ಕೇಳಿರಲಿಲ್ಲ.

ಬೆಳಗಾಯ್ತು. ನೆಂಟರು ಬಂದರು, ಬೂದಿ ತೆಗೆದರು, ಮೈ ತೊಳೆದರು, ಜಗಲಿಯಲ್ಲಿ ಗೋಡೆಗೊರಗಿಸಿ ಕೂರಿಸಿ ಹೂವು ಹಾಕಿದರು. ಬುಡೇನ್ ಸಾಬರು ಕಂಬ ಹಿಡಿದು ಅಳ್ತಾ ನಿಂತಿದ್ದರು. ಇನ್ನೇನು ಎತ್ತಬೇಕು, ಅಷ್ಟರಲ್ಲಿ ಹಿತ್ತಿಲಿಂದ ಮೋನಪ್ಪ ಓಡಿಬಂದ. ಎರಡೂ ಕೈಯಲ್ಲಿ ತೋಳು. ಒಂದು ಕೂದಲೆಳೆಯಷ್ಟೂ ಸೀಳಿಲ್ಲ, ಹಿತ್ತಾಳೆ ಬೆಸುಗೆ ಅಚ್ಚುಕಟ್ಟಾಗಿ ಕೂತಿತ್ತು. ಜನರನ್ನ ತಳ್ಳಿಕೊಂಡು ಬಂದು ಅಪ್ಪನ ಮುಂದೆ ಮಂಡಿಯೂರಿದ. ತೋಳನ್ನ ಅವನ ತೊಡೆ ಮೇಲಿಟ್ಟ. ಸೆಟೆದುಹೋಗಿದ್ದ ಬಲಗೈಯನ್ನ ಎಳೆದು, ಬೆರಳು ಒಂದೊಂದಾಗಿ ಬಿಡಿಸಿ, ತೋಳಿನ ಮೇಲೆ ಒತ್ತಿ ಹಿಡಿದ.

ಯಾರೋ ಅವನ ರಟ್ಟೆ ಹಿಡಿದು ಎಳೆಯೋಕೆ ಹೋದರು. ಕಾಳಮ್ಮ "ಮುಟ್ಟಬೇಡಿ ಅವನನ್ನ!" ಅಂತ ಚೀರಿದಳು.

ಮೋನಪ್ಪ ಅಪ್ಪನ ಕಿವಿಗೆ ಬಾಯಿಟ್ಟು ಹೇಳ್ತಿದ್ದ. "ಸವರಪ್ಪಾ. ಬೆಳಗಾಯ್ತು. ಈಗ ಕೇಳಿದ್ರೆ ಕೊಡಬಹುದು. ಕೇಳಪ್ಪಾ, ಇನ್ನೊಂದ್ಸಲ ಕೇಳು, ಕೊಡ್ತೀನಿ."